ಸಣ್ಣ ಸರಕು ಮೋಟಾರಿನ ಎಣ್ಣೆಯ ಲೆಕ್ಕ

ಬೆಳೆಯನ್ನು ಬೆಳೆಯುವುದು ವ್ಯವಸಾಯದಲ್ಲಿ ಅರ್ಧ ಕೆಲಸ. ಬೆಳೆದುದನ್ನು ಕೆಡದಂತೆಯೂ ಕಡಮೆ ವೆಚ್ಚದಲ್ಲಿಯೂ ಪೇಟೆಗೆ ಮುಟ್ಟಿಸುವುದು ಉಳಿದರ್ಧ ಎಂಬುದು ಅನುಭವಸ್ಥರಾದ ಜಮೀನುದಾರರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಈ ಕೆಲಸವನ್ನು ಈಗ ಬಹುತರವಾಗಿ ಪಿಕಪ್ ಎಂದು ಜನರು ಕರೆಯುವ ಸಣ್ಣ ಸರಕು ಮೋಟಾರು ಮಾಡುತ್ತಿದೆ. ಎತ್ತಿಗೆ ಎಷ್ಟು ಹುಲ್ಲು, ಎಷ್ಟು ಹಿಂಡಿ, ಎಷ್ಟು ಹುರುಳಿ ಬೇಕೆಂಬುದನ್ನು ನಮ್ಮ ರೈತನು ಬೆರಳೆಣಿಕೆಯಲ್ಲಿ ಹೇಳಬಲ್ಲನು. ಆದರೆ ಲಕ್ಷಾಂತರ ರೂಪಾಯಿ ಕೊಟ್ಟು, ಅನೇಕ ವೇಳೆ ಸಾಲಮಾಡಿ ಕೊಂಡ ಮೋಟಾರು ಎಷ್ಟು ಎಣ್ಣೆಯನ್ನು ಕುಡಿಯುತ್ತದೆಂದು ಕೇಳಿದರೆ, ಮಾರಿದವರು ಹೇಳಿದ ಅಂಕಿಯನ್ನೇ ತಿರುಗಿ ಹೇಳುವವರು ಹೆಚ್ಚು. ಈ ಅಂಕಿಗೂ ವಾಸ್ತವವಾದ ಖರ್ಚಿಗೂ ಇರುವ ಅಂತರವು ಸಂಸಾರದ ಲೆಕ್ಕವನ್ನೇ ಏರುಪೇರು ಮಾಡಬಹುದಾದ್ದರಿಂದ, ಆ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯಲಾಗಿದೆ.

ಒಂದು ಉದಾಹರಣೆ

ಕೋಲಾರದ ಕಡೆಯ ಒಬ್ಬ ಜಮೀನುದಾರರು ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್ ಒಂದನ್ನು ಕೊಂಡರೆಂದು ಭಾವಿಸೋಣ. ಬಂಡಿಯು ಲೀಟರಿಗೆ ೧೫ ಕಿಲೋಮೀಟರು ಓಡುವುದೆಂದು ಅವರಿಗೆ ಹೇಳಲಾಗಿತ್ತು. ಅವರ ಊರಿನಿಂದ ಬೆಂಗಳೂರಿನ ಪೇಟೆಗೆ ೭೦ ಕಿಲೋಮೀಟರು, ಹೋಗಿಬರಲು ೧೪೦. ಹೀಗಾಗಿ ಒಂದು ಸಾರಿಗೆ ಒಂಬತ್ತೂಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಸಾಕೆಂದು ಎಣಿಸಿ, ಅದರ ಮೇಲೆಯೇ ನೆರೆಹೊರೆಯವರಿಗೆ ಬಾಡಿಗೆಯನ್ನು ನಿಗದಿಮಾಡಿದರು. ಸುಗ್ಗಿ ಮುಗಿಯುವ ಹೊತ್ತಿಗೆ ಕೈಯಲ್ಲಿ ಉಳಿಯಬೇಕಾಗಿದ್ದ ಹಣ ಉಳಿಯಲಿಲ್ಲ. ಬಂಕಿನ ಚೀಟಿಗಳನ್ನು ಕೂಡಿಸಿದಾಗ ಒಂದೊಂದು ಸಾರಿಗೂ ಸುಮಾರು ೧೨ ಲೀಟರು ಖರ್ಚಾಗಿರುವುದು ಕಂಡುಬಂತು. ಎರಡೂವರೆ ಲೀಟರಿಗೂ ಮಿಕ್ಕಿದ ಎಣ್ಣೆ ಎಲ್ಲಿಗೆ ಹೋಯಿತು? ಯಜಮಾನರ ಅನುಮಾನವು ಸಹಜವಾಗಿ ಡ್ರೈವರನ ಮೇಲೆ ಹೋಯಿತು. ಹಲವು ವರ್ಷ ಮನೆಯಲ್ಲಿ ನಂಬಿಕೆಯಿಂದ ದುಡಿದ ಆಳನ್ನು ಕಳ್ಳನೆಂದು ಕೆಲಸದಿಂದ ಬಿಡಿಸುವ ಮಾತು ಹುಟ್ಟಿತು.

ಹಾಗೆ ಮಾಡುವ ಮುನ್ನ ಊರಿನ ಹಿರಿಯರೊಬ್ಬರು, "ಯಜಮಾನರೇ, ಅಳೆಯದೆ ಆಡಬೇಡಿ. ಐದು ಸಾರಿ ನೀವೇ ಜೊತೆಯಲ್ಲಿ ಕುಳಿತು ಹೋಗಿಬನ್ನಿ" ಎಂದು ಬುದ್ಧಿ ಹೇಳಿದರು. ಅದರಂತೆ ಅಳೆದು ನೋಡಲಾಗಿ, ೧೫ ಕ್ವಿಂಟಲ್ ಸರಕು ಹೇರಿಕೊಂಡು ಪೇಟೆಗೆ ಹೋಗುವಾಗ ಬಂಡಿಯು ಲೀಟರಿಗೆ ೧೦ ಕಿಲೋಮೀಟರು, ಬರಿದಾಗಿ ಹಿಂದಿರುಗುವಾಗ ೧೪ ಕಿಲೋಮೀಟರು ಓಡಿತು. ಹೋಗುವಾಗ ೭ ಲೀಟರು, ಬರುವಾಗ ೫ ಲೀಟರು, ಒಟ್ಟು ೧೨. ಕಳವು ಎಲ್ಲಿಯೂ ಇರಲಿಲ್ಲ. ತಪ್ಪಿದ್ದುದು ಮೊದಲು ನಂಬಿದ ಅಂಕಿಯಲ್ಲಿ. ಅರವತ್ತು ಸಾರಿ ಹೋಗಿಬಂದರೆ ಈ ಒಂದು ತಪ್ಪೆಣಿಕೆಯಿಂದ ೧೬೦ ಲೀಟರು ಡೀಸೆಲ್ಲಿನ ಹಣ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಹೋಗುವಾಗ ೧೦, ಬರುವಾಗ ೧೪ ಆದುದರಿಂದ ಸರಾಸರಿ ೧೨ ಎಂದು ಅನೇಕರು ಹೇಳುವುದುಂಟು. ಅದು ಸರಿಯಲ್ಲ. ೧೪೦ ಕಿಲೋಮೀಟರನ್ನು ೧೨ ಲೀಟರಿನಿಂದ ಭಾಗಿಸಿದರೆ ಬರುವುದು ೧೧.೬೭. ದೂರವನ್ನೆಲ್ಲ ಕೂಡಿಸಿ, ಎಣ್ಣೆಯನ್ನೆಲ್ಲ ಕೂಡಿಸಿ, ಆಮೇಲೆ ಭಾಗಿಸತಕ್ಕದ್ದೇ ಹೊರತು, ಎರಡು ಮೈಲೇಜುಗಳನ್ನು ಕೂಡಿಸಿ ಅರ್ಧಮಾಡತಕ್ಕದ್ದಲ್ಲ.

ಪ್ರಕಟಿತ ಅಂಕಿಗಳು ಎಲ್ಲಿಂದ ಬರುತ್ತವೆ

ಕಂಪೆನಿಗಳು ಪ್ರಕಟಿಸುವ ಅಂಕಿಗಳನ್ನು ಸುಳ್ಳೆಂದು ತಳ್ಳಿಹಾಕಲಾಗದು. ಅವು ಒಂದು ಗೊತ್ತಾದ ಪರೀಕ್ಷೆಯಿಂದ ಬಂದವು. ೧೯೬೬ರಲ್ಲಿ ಸ್ಥಾಪಿತವಾದ, ಪುಣೆಯಲ್ಲಿರುವ ಭಾರತೀಯ ಮೋಟಾರು ಸಂಶೋಧನಾ ಸಂಸ್ಥೆಯೇ ಮೊದಲಾದ ಪರೀಕ್ಷಾ ಕೇಂದ್ರಗಳಲ್ಲಿ ಮೋಟಾರನ್ನು ತಿರುಗುವ ಉರುಳೆಗಳ ಮೇಲೆ ನಿಲ್ಲಿಸಿ, ನಿಯಮಿತವಾದ ವೇಗಗಳಲ್ಲಿ, ನಿಯಮಿತವಾದ ಹೊತ್ತು ಓಡಿಸಿ, ಹೊರಬರುವ ಹೊಗೆಯನ್ನು ಅಳೆದು ಎಣ್ಣೆಯ ಖರ್ಚನ್ನು ಲೆಕ್ಕಹಾಕುತ್ತಾರೆ. ಎಲ್ಲ ಬಂಡಿಗಳಿಗೂ ಒಂದೇ ಅಳತೆಗೋಲು ಇರಬೇಕೆಂಬುದೇ ಇದರ ಉದ್ದೇಶ. ಒಂದು ಬಂಡಿಯನ್ನು ಇನ್ನೊಂದರೊಡನೆ ಹೋಲಿಸಿ ನೋಡುವುದಕ್ಕೆ ಇದು ಉಪಯುಕ್ತವೇ ಸರಿ. ಆದರೆ ಆ ಉರುಳೆಗಳ ಮೇಲೆ ಎದುರುಗಾಳಿಯಿಲ್ಲ, ದಿಣ್ಣೆಯಿಲ್ಲ, ಕೆಸರಿಲ್ಲ, ಮಂಡಿಯ ಬಾಗಿಲಲ್ಲಿ ಕಾಯುವುದಿಲ್ಲ, ನೂರು ಟೊಮೇಟೊ ಬಾಕ್ಸುಗಳ ಭಾರವೂ ಇಲ್ಲ.

ಈ ಅಂತರವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರಯೋಗಶಾಲೆಯ ಅಂಕಿಗಳಷ್ಟು ದೂರ ಬಂಡಿಗಳು ರಸ್ತೆಯಲ್ಲಿ ಓಡುತ್ತಿಲ್ಲವೆಂಬ ದೂರುಗಳು ಬಂದುದರಿಂದ, ೧೯೮೫ರ ಮಾದರಿಗಳಿಂದ ಮೊದಲುಗೊಂಡು ಪಟ್ಟಣದ ಅಂಕಿಯಲ್ಲಿ ನೂರಕ್ಕೆ ೧೦ರಂತೆಯೂ, ಹೆದ್ದಾರಿಯ ಅಂಕಿಯಲ್ಲಿ ನೂರಕ್ಕೆ ೨೨ರಂತೆಯೂ ಕಡಿತ ಮಾಡಿ ಪ್ರಕಟಿಸುವ ಕ್ರಮ ಬಂತು. ಅದೂ ಸಾಲದೆ, ೨೦೦೮ರ ಮಾದರಿಗಳಿಂದ ಹೆಚ್ಚಿನ ವೇಗ, ಚಳಿ, ತಂಪುಯಂತ್ರದ ಬಳಕೆ ಇವುಗಳನ್ನೂ ಪರೀಕ್ಷೆಯಲ್ಲಿ ಸೇರಿಸಲಾಯಿತು. ಈ ಹೊಸ ಕ್ರಮದ ಪ್ರಕಾರ, ಆ ದೇಶದ ರೈತರೂ ಕೈಕಸಬಿನವರೂ ಬಹಳವಾಗಿ ಬಳಸುತ್ತಿದ್ದ ಫೋರ್ಡ್ ರೇಂಜರ್ ಎಂಬ ಸಣ್ಣ ಪಿಕಪ್ಪಿನ ೨೦೧೧ರ ಮಾದರಿಗೆ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನೂ ಕೈಗೇರೂ ಇದ್ದಲ್ಲಿ, ಗ್ಯಾಲನ್ನಿಗೆ ಪಟ್ಟಣದಲ್ಲಿ ೨೨ ಮೈಲಿ, ಹೆದ್ದಾರಿಯಲ್ಲಿ ೨೭ ಮೈಲಿ, ಒಟ್ಟಾರೆ ೨೪ ಮೈಲಿ ಎಂದು ನಮೂದಾಯಿತು. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಒಟ್ಟಾರೆ ಅಂಕಿಯು ಲೀಟರಿಗೆ ಸುಮಾರು ೧೦ ಕಿಲೋಮೀಟರು.

ಪೆಟ್ರೋಲಿನ ಅಂಕಿಯನ್ನು ಡೀಸೆಲ್ಲಿನ ಅಂಕಿಯೊಡನೆ ನೇರವಾಗಿ ಹೋಲಿಸಬಾರದು. ಒಂದು ಲೀಟರು ಡೀಸೆಲ್ಲಿನಲ್ಲಿ ಒಂದು ಲೀಟರು ಪೆಟ್ರೋಲಿಗಿಂತ ನೂರಕ್ಕೆ ಹತ್ತಕ್ಕೂ ಮಿಕ್ಕಿ ಹೆಚ್ಚು ಶಾಖಶಕ್ತಿಯಿದೆ; ಡೀಸೆಲ್ ಎಂಜಿನು ಆ ಶಕ್ತಿಯ ಹೆಚ್ಚು ಭಾಗವನ್ನು ಕೆಲಸಕ್ಕೆ ಪರಿವರ್ತಿಸುತ್ತದೆ. ಸಿ.ಎನ್.ಜಿ. ಅನಿಲವನ್ನಾದರೋ ಲೀಟರಿನಿಂದಲ್ಲದೆ ಕಿಲೋಗ್ರಾಮಿನಿಂದ ಮಾರುತ್ತಾರೆ. ಆದ್ದರಿಂದ ಬೇರೆ ಬೇರೆ ಇಂಧನದ ಬಂಡಿಗಳನ್ನು ಹೋಲಿಸುವಾಗ ಒಂದು ಕಿಲೋಮೀಟರಿಗೆ ಬೀಳುವ ರೂಪಾಯಿಯನ್ನು ಹೋಲಿಸುವುದೇ ಯುಕ್ತ.

ಸಿಲಿಂಡರುಗಳ ಸಂಖ್ಯೆ

ಸಿಲಿಂಡರು ಹೆಚ್ಚಾದರೆ ಎಣ್ಣೆ ಹೆಚ್ಚು ಎಂಬ ಮಾತು ಊರುಗಳಲ್ಲಿ ರೂಢಿಯಾಗಿದೆ. ೨೦೦೫ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ಸರಕು ಬಂಡಿಗೆ ಎರಡು ಸಿಲಿಂಡರು. ೨೦೧೧ರಲ್ಲಿ ಬಂದ ದೋಸ್ತ್ ಬಂಡಿಗೆ ಮೂರು. ಬೊಲೆರೊ ಪಿಕಪ್ಪಿನ ೨೫೨೩ ಘನ ಸೆಂಟಿಮೀಟರಿನ ಡೀಸೆಲ್ ಎಂಜಿನಿಗೆ ನಾಲ್ಕು. ಬರಿದಾಗಿ ಓಡುವಾಗ ಪುಟ್ಟ ಬಂಡಿಯು ಹೆಚ್ಚು ಮೈಲೇಜು ಕೊಡುವುದು ನಿಜ. ಆದರೆ ಅದಕ್ಕೆ ಕಾರಣ ಸಿಲಿಂಡರುಗಳ ಸಂಖ್ಯೆಯೊಂದೇ ಅಲ್ಲ. ಬಂಡಿಯ ತೂಕ, ಎಂಜಿನಿನ ಗಾತ್ರ, ಗಾಳಿಗೆ ಎದುರಾಗುವ ಮೈ, ಗೇರುಗಳ ಹೊಂದಾಣಿಕೆ ಇವೆಲ್ಲ ಸೇರಿವೆ. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಪ್ರತಿ ಅರ್ಧ ಸುತ್ತಿಗೊಮ್ಮೆ ಒಂದು ಸಿಲಿಂಡರು ಬಲಕೊಡುವುದರಿಂದ ಎಳೆತವು ಸಮವಾಗಿರುತ್ತದೆ. ಎರಡು ಜೊತೆ ಎತ್ತು ಎಳೆಯಬೇಕಾದ ಭಾರವನ್ನು ಒಂದೇ ಜೊತೆಗೆ ಹೂಡಿದರೆ ಮೇವು ಉಳಿಯುವುದಿಲ್ಲ, ಎತ್ತು ಕೆಡುತ್ತದೆ. ಮೋಟಾರಿನ ವಿಷಯವೂ ಹಾಗೆಯೇ. ಒಯ್ಯಬೇಕಾದ ಸರಕೆಷ್ಟು ಎಂಬುದನ್ನು ಮೊದಲು ನಿಶ್ಚಯಿಸಿ, ಆಮೇಲೆ ಬಂಡಿಯನ್ನು ಆರಿಸತಕ್ಕದ್ದು.

ಮೈಲೇಜಲ್ಲ, ಕ್ವಿಂಟಲಿನ ಖರ್ಚು

ರೈತನಿಗೆ ಬೇಕಾದುದು ಬಂಡಿ ಓಡಿದ ದೂರವಲ್ಲ, ಪೇಟೆಗೆ ಮುಟ್ಟಿದ ಸರಕು. ಮೇಲಿನ ಉದಾಹರಣೆಯಲ್ಲಿ ೧೫ ಕ್ವಿಂಟಲಿಗೆ, ಎಂದರೆ ೧೫ ಕಿಲೋಗ್ರಾಮಿನ ನೂರು ಬಾಕ್ಸುಗಳಿಗೆ, ೧೨ ಲೀಟರು ಖರ್ಚಾಯಿತು, ಕ್ವಿಂಟಲಿಗೆ ೦.೮ ಲೀಟರು. ಅದೇ ಬಂಡಿಯು ೫ ಕ್ವಿಂಟಲ್ ಮಾತ್ರ ಹೇರಿಕೊಂಡು ಹೋದರೆ, ಹೋಗುವಾಗ ಲೀಟರಿಗೆ ಹನ್ನೆರಡೂವರೆ ಕಿಲೋಮೀಟರು ಓಡಿತೆಂದಿಟ್ಟುಕೊಳ್ಳೋಣ. ಆಗ ಹೋಗುವಾಗ ೫.೬ ಲೀಟರು, ಬರುವಾಗ ೫ ಲೀಟರು, ಒಟ್ಟು ೧೦.೬. ಮೈಲೇಜು ೧೩ಕ್ಕೂ ಮೇಲೆ ಏರಿತೆಂದು ಯಜಮಾನರು ಸಂತೋಷಪಡಬಹುದು. ಆದರೆ ಕ್ವಿಂಟಲಿಗೆ ಬಿದ್ದ ಖರ್ಚು ೨.೧೨ ಲೀಟರು, ಮೊದಲಿನ ಎರಡೂವರೆ ಪಾಲಿಗಿಂತಲೂ ಹೆಚ್ಚು. ಮೈಲೇಜು ಚೆನ್ನಾಗಿ ಕಂಡ ದಿನವೇ ನಷ್ಟದ ದಿನವಾಯಿತು.

ಹಿಂದಿರುಗುವಾಗ ಗೊಬ್ಬರ, ಹಿಂಡಿ, ಬಿತ್ತನೆ ಬೀಜ ಮುಂತಾದ ೧೦ ಕ್ವಿಂಟಲ್ ಸರಕು ದೊರೆತು, ಬಂಡಿಯು ಲೀಟರಿಗೆ ೧೧ ಕಿಲೋಮೀಟರು ಓಡಿದರೆ, ಎಣ್ಣೆಯ ಖರ್ಚು ೧೨ರಿಂದ ೧೩.೪ ಲೀಟರಿಗೆ ಏರುತ್ತದೆ. ಆದರೆ ಸಾಗಿಸಿದ ಸರಕು ೨೫ ಕ್ವಿಂಟಲ್ ಆಗುವುದರಿಂದ ಕ್ವಿಂಟಲಿಗೆ ಸುಮಾರು ಅರ್ಧ ಲೀಟರು ಮಾತ್ರ ಬೀಳುತ್ತದೆ. ಎಂಥ ಜಾಣ ಡ್ರೈವರನೂ ಕಾಲಿನಿಂದ ಉಳಿಸಲಾರದಷ್ಟು ಎಣ್ಣೆಯನ್ನು, ಬರಿದಾಗಿ ತಿರುಗಿ ಬಾರದಂತೆ ಮಾಡುವ ಏರ್ಪಾಡು ಉಳಿಸುತ್ತದೆ.

ಹಾಗೆಂದು ಬಂಡಿಯ ಮಿತಿಯನ್ನು ಮೀರಿ ಹೇರಬಾರದು. ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಭಾರಕ್ಕೆ ೨೦,೦೦೦ ರೂಪಾಯಿ, ಅದರ ಮೇಲೆ ಹೆಚ್ಚಿನ ಒಂದೊಂದು ಟನ್ನಿಗೆ ೨,೦೦೦ ರೂಪಾಯಿ ದಂಡವಿದೆ. ದಂಡ ತಪ್ಪಿದರೂ ಟೈರು, ಪಟ್ಟಿ, ಬ್ರೇಕುಗಳ ಸವೆತ ತಪ್ಪದು, ಪ್ರಾಣಕ್ಕೂ ಅಪಾಯ.

ಎಣ್ಣೆಯು ಸೋರಿಹೋಗುವ ದಾರಿಗಳು

ವೇಗ.— ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಗಂಟೆಗೆ ೬೦ ಕಿಲೋಮೀಟರಿನಿಂದ ೮೦ಕ್ಕೆ ಏರಿಸಿದರೆ ತಡೆಯು ಮುಕ್ಕಾಲು ಪಾಲಿಗೂ ಮಿಕ್ಕಿ ಹೆಚ್ಚಾಗುತ್ತದೆ. ೫೦ ಕಿಲೋಮೀಟರು ಹೆದ್ದಾರಿಯಲ್ಲಿ ಇದರಿಂದ ಉಳಿಯುವ ಕಾಲ ಹನ್ನೆರಡು ಹದಿಮೂರು ನಿಮಿಷ. ಆ ಹೊತ್ತನ್ನು ಮಂಡಿಯ ಬಾಗಿಲಲ್ಲಿ ಕಾಯುತ್ತ ಕಳೆಯುವುದಾದರೆ ಅವಸರದಿಂದ ಬಂದ ಲಾಭವೇನು? ಸಡಿಲವಾಗಿ ಪಟಪಟನೆ ಹಾರಾಡುವ ಟಾರ್ಪಾಲೂ ಗಾಳಿಯನ್ನು ಹಿಡಿದು ಎಣ್ಣೆಯನ್ನು ತಿನ್ನುತ್ತದೆ. ಅದನ್ನು ಬಿಗಿಯಾಗಿ ಕಟ್ಟತಕ್ಕದ್ದು.

ನಿಂತಲ್ಲಿ ಎಂಜಿನು ಓಡಿಸುವುದು.— ಈ ಗಾತ್ರದ ಎಂಜಿನು ನಿಂತಲ್ಲಿಯೇ ಓಡುತ್ತಿದ್ದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಎಣ್ಣೆ ವ್ಯರ್ಥವಾಗುತ್ತದೆ. ಸರಕು ಹೇರುವಾಗಲೂ ಇಳಿಸುವಾಗಲೂ ಎಂಜಿನನ್ನು ಆರಿಸುವ ಅಭ್ಯಾಸವನ್ನು ಡ್ರೈವರನಿಗೆ ಮಾಡಿಸಬೇಕು.

ಟೈರಿನ ಗಾಳಿ.— ನಾಲ್ಕು ಟೈರುಗಳಲ್ಲಿಯೂ ಗಾಳಿಯು ಒಂದು ಪೌಂಡು ಕಡಮೆಯಾದರೆ ಮೈಲೇಜು ನೂರಕ್ಕೆ ೦.೨ರಷ್ಟು ಇಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆಯವರು ತಿಳಿಸಿದ್ದಾರೆ. ಹತ್ತು ಪೌಂಡು ಕಡಮೆಯಾದರೆ ನೂರಕ್ಕೆ ಎರಡು. ಇದು ಅಲ್ಪವೆಂದು ಕಂಡರೂ, ಮೆತ್ತಗಾದ ಟೈರು ಭಾರದಡಿಯಲ್ಲಿ ಕಾದು ಬೇಗ ಹಾಳಾಗುವುದರಿಂದ ನಿಜವಾದ ನಷ್ಟವು ಎಣ್ಣೆಗಿಂತ ದೊಡ್ಡದು. ಬೆಳಗಿನ ಹೊತ್ತು, ಬಂಡಿ ಓಡುವುದಕ್ಕೆ ಮುಂಚೆ, ಟೈರು ತಣ್ಣಗಿರುವಾಗ ಗಾಳಿಯನ್ನು ನೋಡತಕ್ಕದ್ದು.

ಬ್ರೇಕಿನ ಹಿಡಿತ.— ಬ್ರೇಕು ಪೂರ್ತಿಯಾಗಿ ಬಿಡದೆ ಚಕ್ರವನ್ನು ಹಿಡಿದುಕೊಂಡಿದ್ದರೆ ಎಂಜಿನು ಸುಮ್ಮನೆ ಸೆಣಸುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರದ ನಡುಭಾಗದ ಹತ್ತಿರ ಎಚ್ಚರಿಕೆಯಿಂದ ಕೈಯೊಡ್ಡಿದಾಗ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಾಗಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಹೊಗೆಯ ಸೋಸಕ.— ೨೦೨೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರು ನಿಯಮಗಳ ಡೀಸೆಲ್ ಬಂಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಸೋಸಕವುಂಟು. ಅದರಲ್ಲಿ ತುಂಬಿದ ಮಸಿಯನ್ನು ಸುಡಲು ಎಂಜಿನು ಆಗಾಗ್ಗೆ ಹೆಚ್ಚಿನ ಎಣ್ಣೆಯನ್ನು ಬಳಸುತ್ತದೆ. ದಿನವೂ ಎರಡು ಮೂರು ಕಿಲೋಮೀಟರಿನ ಚಿಕ್ಕ ಓಡಾಟ ಮಾತ್ರ ಇದ್ದರೆ ಮಸಿ ಬೇಗ ತುಂಬುತ್ತದೆ. ತೋಟದಿಂದ ಮನೆಗೆ ಹುಲ್ಲು ತರುವಂಥ ಕೆಲಸಕ್ಕೆ ಈ ಬಂಡಿಯನ್ನು ಹೂಡದಿರುವುದೇ ಲೇಸು.

ಘಾಟಿ.— ಸಮುದ್ರತೀರದ ಮಂಗಳೂರಿನಿಂದ ೯೦೦ ಮೀಟರಿಗೂ ಮಿಕ್ಕಿದ ಎತ್ತರದ ಸಕಲೇಶಪುರಕ್ಕೆ, ಒಟ್ಟು ೩೦ ಕ್ವಿಂಟಲ್ ತೂಗುವ ಬಂಡಿಯು ಶಿರಾಡಿ ಘಾಟಿಯ ಮೂಲಕ ಹತ್ತುವಾಗ, ಆ ಭಾರವನ್ನು ಮೇಲಕ್ಕೆತ್ತುವುದಕ್ಕೆಂದೇ ಸುಮಾರು ಎರಡೂವರೆ ಲೀಟರು ಡೀಸೆಲ್ ಹೆಚ್ಚಾಗಿ ಬೇಕಾಗುತ್ತದೆಂದು ಲೆಕ್ಕದಿಂದ ತಿಳಿಯುತ್ತದೆ. ಇಳಿಯುವಾಗ ಎಣ್ಣೆ ಉಳಿಸಲು ಗೇರನ್ನು ಬಿಡಿಸಿ ಬಂಡಿಯನ್ನು ಜಾರಲು ಬಿಡುವುದು ಕೆಲವರ ಪದ್ಧತಿ. ಇದು ಅಪಾಯಕರ ಮಾತ್ರವಲ್ಲ, ನಿಷ್ಪ್ರಯೋಜಕವೂ ಹೌದು. ಈಗಿನ ಎಂಜಿನುಗಳಲ್ಲಿ ಗೇರಿನಲ್ಲಿಯೇ ಇಳಿಯುತ್ತ ಕಾಲನ್ನು ತೆಗೆದರೆ ಎಣ್ಣೆಯು ತಾನಾಗಿಯೇ ನಿಲ್ಲುತ್ತದೆ. ಗೇರನ್ನು ಬಿಡಿಸಿದರೆ ಎಂಜಿನು ಆರದಿರುವುದಕ್ಕಾಗಿ ಎಣ್ಣೆ ಸುಡುತ್ತಲೇ ಇರುತ್ತದೆ.

ಅಳೆಯುವ ಕ್ರಮ

ನಿಜವಾದ ಖರ್ಚನ್ನು ತಿಳಿಯಲು ಯಾವ ಯಂತ್ರವೂ ಬೇಕಾಗಿಲ್ಲ; ಒಂದು ಪುಸ್ತಕ, ಒಂದು ಪೆನ್ಸಿಲು ಸಾಕು. ಮೊದಲು ಸಮನೆಲದಲ್ಲಿ ಬಂಡಿಯನ್ನು ನಿಲ್ಲಿಸಿ ಟ್ಯಾಂಕನ್ನು ಪೂರ್ತಿ ತುಂಬಿಸಿ, ಮೀಟರಿನಲ್ಲಿರುವ ಕಿಲೋಮೀಟರನ್ನು ಬರೆದಿಡಬೇಕು. ಎಂದಿನಂತೆ ಕೆಲಸಮಾಡಿ, ಸಾಧ್ಯವಾದಷ್ಟು ಅದೇ ಬಂಕಿನಲ್ಲಿ, ಅದೇ ಮಟ್ಟಕ್ಕೆ ಮತ್ತೆ ತುಂಬಿಸಬೇಕು. ಈ ಸಾರಿ ಹಿಡಿದ ಲೀಟರೇ ಅಷ್ಟು ದೂರಕ್ಕೆ ಆದ ಖರ್ಚು. ಮೀಟರು ೪೧,೨೬೦ರಿಂದ ೪೧,೭೬೪ಕ್ಕೆ ಹೋಗಿ, ೪೨ ಲೀಟರು ಹಿಡಿದರೆ, ೫೦೪ನ್ನು ೪೨ರಿಂದ ಭಾಗಿಸಿ ಲೀಟರಿಗೆ ೧೨ ಎಂದು ತಿಳಿಯಬೇಕು. ಒಂದು ಸಾರಿಯ ಅಳತೆಯನ್ನು ನಂಬಬಾರದು. ಟ್ಯಾಂಕಿನಲ್ಲಿ ನೊರೆಯೆದ್ದು ಅರ್ಧ ಲೀಟರು ಹೆಚ್ಚುಕಡಮೆಯಾಗುವುದು ಸಾಮಾನ್ಯ. ನಾಲ್ಕೈದು ಸಾರಿಯದನ್ನು ಕೂಡಿಸಿದರೆ ಈ ದೋಷವು ಅಲ್ಪವಾಗುತ್ತದೆ. ಬಂಕಿನ ಅಳತೆಯಲ್ಲಿಯೇ ಸಂದೇಹವಿದ್ದರೆ, ಅಲ್ಲಿ ಇಟ್ಟಿರಬೇಕಾದ ಐದು ಲೀಟರಿನ ಮುದ್ರೆಯೊತ್ತಿದ ಪಾತ್ರೆಯಲ್ಲಿ ಅಳೆದು ತೋರಿಸೆಂದು ಕೇಳುವ ಹಕ್ಕು ಗಿರಾಕಿಗೆ ಇದೆ.

ಪುಸ್ತಕದಲ್ಲಿ ಆರು ಅಂಕಣಗಳನ್ನು ಎಳೆಯಬೇಕು: ತಾರೀಖು, ಮೀಟರಿನ ಅಂಕಿ, ತುಂಬಿದ ಲೀಟರು, ಕೊಟ್ಟ ಹಣ, ಹೋಗುವಾಗಿನ ಸರಕು, ಬರುವಾಗಿನ ಸರಕು. ಮೂರು ತಿಂಗಳಲ್ಲಿ ಈ ಪುಸ್ತಕವು ಯಾವ ಮಾರಾಟಗಾರನಿಗಿಂತಲೂ ಹೆಚ್ಚು ಸತ್ಯವನ್ನು ಹೇಳುತ್ತದೆ. ಮೈಲೇಜು ಇದ್ದಕ್ಕಿದ್ದಂತೆ ಇಳಿದರೆ ಟೈರು, ಬ್ರೇಕು, ಸೋಸಕ, ಎಣ್ಣೆಯ ಕೊಳವೆ ಇವುಗಳನ್ನು ಮೊದಲು ಪರೀಕ್ಷಿಸಿ, ಮನುಷ್ಯನ ಮೇಲಣ ಅನುಮಾನವನ್ನು ಕಡೆಯಲ್ಲಿಟ್ಟುಕೊಳ್ಳುವುದು ಧರ್ಮ.

ಗ್ರಾಮದ ಮುಖ್ಯಸ್ಥರು ಮಾಡಬಹುದಾದುದು

ಒಂದೇ ಊರಿನಿಂದ ಒಂದೇ ಬೆಳಗ್ಗೆ ಮೂರು ಬಂಡಿಗಳು ಐದೈದು ಕ್ವಿಂಟಲ್ ಹೇರಿಕೊಂಡು ಒಂದೇ ಪೇಟೆಗೆ ಹೊರಡುವುದು ನಮ್ಮ ಕಡೆ ಅಪರೂಪವಲ್ಲ. ಮೇಲೆ ತೋರಿಸಿದ ಲೆಕ್ಕದಂತೆ ಆ ಮೂರಕ್ಕೆ ಸುಮಾರು ೩೨ ಲೀಟರು ಬೇಕು. ಅಷ್ಟೇ ಸರಕನ್ನು ಒಂದೇ ಬಂಡಿಯು ೧೨ ಲೀಟರಿನಲ್ಲಿ ಒಯ್ಯುತ್ತದೆ. ಒಂದು ಬೆಳಗಿನಲ್ಲಿ ಒಂದು ಊರು ೨೦ ಲೀಟರು ಎಣ್ಣೆಯನ್ನು ಹೊಗೆಯಾಗಿ ಬಿಡುವುದನ್ನು ತಡೆಯಲು ಹಣ ಬೇಕಿಲ್ಲ, ಒಡಂಬಡಿಕೆ ಬೇಕು. ಯಾವ ದಿನ ಯಾರ ಬಂಡಿ, ಕ್ವಿಂಟಲಿಗೆ ಎಷ್ಟು ಬಾಡಿಗೆ, ತಿರುಗಿ ಬರುವಾಗ ಯಾರ ಗೊಬ್ಬರ ಎಂಬುದನ್ನು ಹಿಂದಿನ ಸಂಜೆಯೇ ಪಂಚಾಯಿತಿಯ ಜಗಲಿಯಲ್ಲಾಗಲಿ, ಸಹಕಾರ ಸಂಘದಲ್ಲಾಗಲಿ ನಿಶ್ಚಯಿಸುವ ಏರ್ಪಾಡನ್ನು ಊರಿನ ಮುಖ್ಯಸ್ಥರು ಮಾಡಿದರೆ ಅದರ ಫಲವು ಸಣ್ಣ ಹಿಡುವಳಿದಾರನಿಗೆ ಎಲ್ಲರಿಗಿಂತ ಹೆಚ್ಚಾಗಿ ದೊರೆಯುತ್ತದೆ. ಟೊಮೇಟೊ ಬೆಲೆ ಕುಸಿದ ದಿನಗಳಲ್ಲಿ ಬೆಳೆಯನ್ನು ಹೊಲದಲ್ಲಿಯೇ ಬಿಡುವುದೋ, ಪೇಟೆಗೆ ಒಯ್ಯುವುದೋ ಎಂಬ ಪ್ರಶ್ನೆಯು ಅನೇಕ ಸಾರಿ ಈ ಒಂದು ಖರ್ಚಿನ ಮೇಲೆಯೇ ನಿಂತಿರುತ್ತದೆ.

ಹೊಸದಾಗಿ ಬಂಡಿ ಕೊಳ್ಳಬೇಕೆಂದಿರುವವರು, ತಮ್ಮಷ್ಟೇ ಸರಕನ್ನು ತಮ್ಮದೇ ರಸ್ತೆಯಲ್ಲಿ ಒಯ್ಯುವವರ ಲೆಕ್ಕದ ಪುಸ್ತಕವನ್ನು ಮೊದಲು ಕೇಳಿ ನೋಡಬೇಕು. ವರ್ಷದಲ್ಲಿ ಎಷ್ಟು ದಿನ ಬಂಡಿಗೆ ತುಂಬ ಕೆಲಸವಿದೆಯೆಂಬುದನ್ನು ಎಣಿಸಿ, ಅದು ಸಾಲದಿದ್ದಲ್ಲಿ ಬಾಡಿಗೆಯ ಬಂಡಿಯಲ್ಲಿಯೇ ತೃಪ್ತಿಪಡುವುದು ವಿವೇಕ. ಕೊಂಡವರು ತಮ್ಮ ಪುಸ್ತಕವನ್ನು ನೆರೆಯವರಿಗೆ ತೋರಿಸಲು ಹಿಂಜರಿಯಬಾರದು. ಎತ್ತನ್ನು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ಹೂಡಿ ನೋಡಿ ಕೊಂಡ ರೈತನು, ಮೋಟಾರನ್ನು ಮಾತ್ರ ಬಾಯಿಮಾತಿನ ಮೇಲೆ ಕೊಳ್ಳುವುದು ತರವಲ್ಲ.